ನಲ್ಲಿಯನ್ನು ಹೊಳೆ ಮಾಡಿದವರು

ಖಾಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿದರೆ ನನ್ನ ತಲೆಯಲ್ಲಿ ಒಂದು ಹಾಡು ಶುರುವಾಗುತ್ತದೆ. ಶುರುವಾದರೆ ಅರ್ಧ ದಿನ ಬಿಡುವುದಿಲ್ಲ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಯಾರದೋ ಭಾಷಣ ಕೇಳುತ್ತ ಕೂತಾಗ ಅದು ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಹೀಗೆ ಅಂಟಿಕೊಳ್ಳುವ ಹಾಡುಗಳು ಎಲ್ಲರಿಗೂ ಇರುತ್ತವೆ. ಅವುಗಳ ಬಗ್ಗೆ ಹೇಳುವಾಗ ಜನರ ಮುಖ ಮೆತ್ತಗಾಗುವುದನ್ನು ನೋಡಿದ್ದೇನೆ. ಕಾಲೇಜು, ಮದುವೆಮನೆ, ಬಾಡಿಗೆಗೆ ತಂದ ಸೈಕಲ್ಲು ಎಂದು ಅವರಿಗೆ ಏನೇನೋ ನೆನಪಾಗುತ್ತದೆ. ನನಗೆ ಈ ಹಾಡಿನಿಂದ ಬರುವುದು ಸಿಟ್ಟು.

ಕಾರಣ ಸರಳ. ಹಾಡಿನ ಮೊದಲ ಸಾಲು ನನ್ನ ತಲೆಯಲ್ಲಿ ತಪ್ಪಾಗಿ ಶುರುವಾಗುತ್ತದೆ. ಅದು ತಪ್ಪೆಂದು ನನಗೆ ಗೊತ್ತು. ಸರಿಯಾದದ್ದನ್ನು ಅದು ಹುಟ್ಟಿದ ಬೀದಿಯಲ್ಲೇ, ಹುಟ್ಟಿದ ದಿನಗಳಲ್ಲೇ ಕೇಳಿದವನು ನಾನು. ಆದರೂ ತಪ್ಪು ಸಾಲನ್ನು ಎಷ್ಟು ಸಲ ಕೇಳಿಸಿದ್ದಾರೆಂದರೆ ನನ್ನ ತಲೆಯೂ ಈಗ ಅವರ ಕಡೆ ಸೇರಿಕೊಂಡಿದೆ. ಪ್ರತಿ ಸಲ ತಡೆದು, ತಿದ್ದಿ, ಮೊದಲಿಂದ ಹೇಳಿಕೊಳ್ಳಬೇಕು. ಇಷ್ಟು ವರ್ಷ ಬೇರೆಯವರ ಬರಹ ತಿದ್ದುತ್ತ ಬದುಕಿದವನಿಗೆ ತನ್ನ ತಲೆಯೊಳಗಿನ ಒಂದು ಸಾಲು ತಿದ್ದಲಾಗುತ್ತಿಲ್ಲ.

ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ.

ಎಪ್ಪತ್ತರ ದಶಕದ ಆರಂಭ. ಪತ್ರಿಕೆಯೊಂದರ ಡೆಸ್ಕಿಗೆ ಹೊಸದಾಗಿ ಸೇರಿದ್ದ ನಾನು ರಾಜಾಜಿನಗರದ ವಠಾರವೊಂದರಲ್ಲಿ ಚಿಗವ್ವನ ಮನೆಯಲ್ಲಿ ಉಳಿದುಕೊಂಡಿದ್ದೆ. ಚಿಗವ್ವ ನನ್ನ ಅವ್ವನ ತಂಗಿ. ಹಾವೇರಿ ಕಡೆಯಿಂದ ಮದುವೆಯಾಗಿ ಬಂದವಳು. ಚಿಗಪ್ಪ ಹತ್ತಿರದ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಇನ್ನೂ ಕೂರಲು ಬಾರದ ಒಂದು ಹೆಣ್ಣು ಕೂಸು.

ವಠಾರದೊಳಗೆ ನಲ್ಲಿ ಇರಲಿಲ್ಲ. ಇದ್ದದ್ದು ಬೀದಿಯ ತಿರುವಿನಲ್ಲಿ, ಎಲ್ಲರಿಗೂ ಸೇರಿ ಒಂದು. ನೀರು ಹೆಚ್ಚಾಗಿ ಮಧ್ಯಾಹ್ನ ಬರುತ್ತಿತ್ತು. ಯಾವಾಗ ನಿಲ್ಲುತ್ತದೆಂದು ಹೇಳುವವರಿರಲಿಲ್ಲ. ಮೊದಲು ನಲ್ಲಿ ಕೆಮ್ಮಿದಂತೆ ಗಾಳಿ ಬಿಡುತ್ತಿತ್ತು. ಆ ಸದ್ದಿಗೆ ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ಓಡಬೇಕು. ಕೂಸನ್ನು ಎತ್ತಿಕೊಂಡು ಹೋದರೆ ಕೊಡ ಹೊರಲಾಗದು. ತೊಟ್ಟಿಲಲ್ಲಿ ಬಿಟ್ಟು ಹೋದರೆ ಕೂಸು ಉಸಿರು ಕಟ್ಟಿ ಅಳುತ್ತದೆ. ಸಂಜೆ ಪಾಳಿಯ ನಾನು ಆ ಹೊತ್ತಿಗೆ ಮನೆಯಲ್ಲೇ ಇರುತ್ತಿದ್ದೆ, ತೊಟ್ಟಿಲು ತೂಗುತ್ತಿದ್ದೆ. ನನ್ನನ್ನು ಕಂಡರೆ ಅಳು ಇನ್ನೂ ಜೋರಾಗುತ್ತಿತ್ತು.

"ನಿನ್ನ ಮೀಸಿ ನೋಡಿದ್ರ ದೊಡ್ಡವರ ಅಂಜತಾರ, ಅದು ಸುಮ್ಮನಿರತೈತೇನು?" ಎನ್ನುತ್ತಿದ್ದಳು ಚಿಗವ್ವ. "ಹಗ್ಗ ಜಗ್ಗು, ಮಾರಿ ತೋರಿಸಬ್ಯಾಡ."

ಒಂದು ಮಧ್ಯಾಹ್ನ ಅವಳು ನಲ್ಲಿಯ ಸಾಲಿನಲ್ಲಿ ನಿಂತೇ ಗಟ್ಟಿಯಾಗಿ ಹಾಡಲು ಶುರುಮಾಡಿದಳು. ದನಿ ಕೇಳಿಸಿದರೆ ಅವ್ವ ಎಲ್ಲೂ ಹೋಗಿಲ್ಲವೆಂದು ಕೂಸಿಗೆ ತಿಳಿಯಲಿ ಎಂಬುದು ಅವಳ ಲೆಕ್ಕ. ಬೀದಿಯಾಚೆಯಿಂದ ಕಿಟಕಿಯೊಳಗೆ ತೂರಿ ಬಂದದ್ದು ಇಷ್ಟು:

ನಲ್ಲ್ಯಾಗ ನೀರು ಬಂತು, ಅಳಬ್ಯಾಡ ನನ ಕೂಸೆ,
ಪಾಳಿ ಬಂದಾಕ್ಷಣ ಕೊಡ ತುಂಬಿ ಬರತೇನಿ,
ಅಲ್ಲೀತನ ಗಾಳಿ ತೂಗಲಿ.

ಕೂಸು ಅಳು ನಿಲ್ಲಿಸಿ ಕಿಟಕಿಯ ಕಡೆ ತಲೆ ತಿರುಗಿಸಿತು. ಹಗ್ಗ ನನ್ನ ಕೈಯಲ್ಲೇ ಇತ್ತು.

ಆಮೇಲೆ ದಿನವೂ ಅದೇ ಆಯಿತು. ಸಾಲು ಉದ್ದವಿದ್ದ ದಿನ ಹಾಡೂ ಉದ್ದವಾಗಬೇಕಲ್ಲ, ಅದಕ್ಕಾಗಿ ಅವಳು ನಿಂತಲ್ಲೇ ಹೊಸ ಪದ್ಯ ಸೇರಿಸುತ್ತಿದ್ದಳು. ಅಂಥ ಒಂದರಲ್ಲಿ ನಡುವೆ ನುಗ್ಗಿ ಕೊಡ ಇಡುವ ಪಕ್ಕದ ಮನೆಯಾಕೆಯೂ ಬಂದಳು. ಆಕೆ ಹೊಸಹಳ್ಳಿಯ ಒಕ್ಕಲಿನ ಮನೆಯವಳು, ಬಾಯಿ ದೊಡ್ಡದು, ಮನಸ್ಸೂ ದೊಡ್ಡದು.

"ಏನಮ್ಮೋ, ನನ್ನೂ ಪದಕ್ಕೆ ಸೇರಿಸ್ಬುಟ್ಟಾ? ಇರು, ನಾಳೆ ನಿನ್ ಕೊಡ ಮೋರಿ ಪಕ್ಕ ಮಡಗ್ತೀನಿ."

"ಮಡಗವ್ವ. ಅದಕ್ಕೂ ಒಂದು ಪದ ಕಟ್ಟತೇನಿ."

ಕೆಲವು ವಾರಗಳಲ್ಲಿ ಸಾಲಿನಲ್ಲಿ ನಿಂತವರೆಲ್ಲ ದನಿಗೂಡಿಸತೊಡಗಿದರು. ಹಾಡು ಎಲ್ಲಿಯದೆಂದು ನಾನು ಕೇಳಿದಾಗ ಚಿಗವ್ವ ಹೇಳಿದ್ದು ನೆನಪಿದೆ: "ಧಾಟಿ ನಮ್ಮವ್ವ ಜ್ವಾಳ ಬೀಸೂವಾಗಿನದು. ಮಾತು ನನ್ನವು." ತನ್ನದಲ್ಲದ್ದನ್ನು ತನ್ನದೆಂದು ಹೇಳುವ ಹೆಂಗಸಲ್ಲ ಅವಳು. ಇದನ್ನು ಮುಂದಿನ ಸಂಗತಿಗಾಗಿ ಗಮನಿಸಬೇಕು.

ಕೂಸಿಗೆ ವರ್ಷ ತುಂಬುವ ಹೊತ್ತಿಗೆ ನಮ್ಮ ಬೀದಿಗೆ ಕಾಲೇಜಿನ ಮೇಷ್ಟ್ರೊಬ್ಬರು ಬಂದರು. ಎದುರು ಮನೆಯವರ ನೆಂಟರು. ಜನಪದ ಗೀತೆಗಳನ್ನು ಸಂಗ್ರಹಿಸುತ್ತಿದ್ದರು. ನಲ್ಲಿಯ ಬಳಿ ಹಾಡು ಕೇಳಿ, ಮಾರನೆಯ ದಿನ ಸೂಟ್‌ಕೇಸಿನಷ್ಟು ದೊಡ್ಡ ಟೇಪ್ ರೆಕಾರ್ಡರ್ ಹೊರಿಸಿಕೊಂಡು ಮನೆಗೇ ಬಂದರು. ಚಾಪೆಯ ಮೇಲೆ ಕೂತು ಚಿಗವ್ವ ಹಾಡಿದಳು. ನಾನು ಬಾಗಿಲ ಬಳಿ ನಿಂತಿದ್ದೆ.

"ಇದನ್ನ ಯಾರಿಂದ ಕಲಿತ್ರಿ ತಾಯಿ?" ಮೇಷ್ಟ್ರು ಕೇಳಿದರು.

"ಯಾರಿಂದಾನೂ ಇಲ್ರಿ. ನಾನ ಕಟ್ಟೀನಿ."

"ಎಲ್ಲರೂ ಹಾಗೇ ಅಂತಾರೆ," ಎಂದು ಮೇಷ್ಟ್ರು ನನ್ನ ಕಡೆ ನೋಡಿ ನಕ್ಕರು. "ನಿಮ್ಮಜ್ಜಿ ಹೇಳ್ತಿದ್ರಾ ಇದನ್ನ?"

"ನಮ್ಮಜ್ಜಿ ನಲ್ಲಿ ನೋಡಿದ್ರ ಹೌಹಾರಿ ಓಡತಿದ್ಲು ಸಾರ್."

ಸುತ್ತ ಕೂತ ಹೆಂಗಸರು ನಕ್ಕರು. ಮೇಷ್ಟ್ರೂ ನಕ್ಕರು. ಅವರು ಏನನ್ನೋ ಬರೆದುಕೊಂಡರು. ಅವಳ ಮಾತನ್ನೇ ಬರೆದುಕೊಳ್ಳುತ್ತಿದ್ದಾರೆಂದು ನಾವೆಲ್ಲ ತಿಳಿದೆವು. ಹಾಡನ್ನು ಯಂತ್ರದಲ್ಲಿ ತಿರುಗಿ ಕೇಳಿಸಿದಾಗ ಚಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ, ಇದು ನನ್ನ ದನಿ ಏನ? ಕತ್ತೆ ಒದರಿದಂಗೈತಿ."

ಎರಡು ಮೂರು ವರ್ಷಗಳ ಮೇಲೆ ಅವರ ಪುಸ್ತಕ ವಿಮರ್ಶೆಗೆಂದು ನಮ್ಮ ಕಚೇರಿಗೆ ಬಂತು. ಲಾಲಿ ಹಾಡುಗಳ ಭಾಗದಲ್ಲಿ ಚಿಗವ್ವನ ಹಾಡಿತ್ತು. ಅವಳ ಹೆಸರಿರಲಿಲ್ಲ. ನಲ್ಲಿಯೂ ಇರಲಿಲ್ಲ.

ಹೊಳಿಯಾಗ ನೀರು ಬಂತು, ಅಳಬ್ಯಾಡ ನನ ಕೂಸೆ,
ಗೆಳತೇರು ಕರೆದಾರ, ಕೊಡ ತುಂಬಿ ಬರತೇನಿ,
ಅಲ್ಲೀತನ ಗಾಳಿ ತೂಗಲಿ.

ನಲ್ಲಿ ಹೋಗಿ ಹೊಳೆ ಬಂದಿತ್ತು. ಸಾಲಿನಲ್ಲಿ ಕಾಯುವ ಪಾಳಿ ಹೋಗಿ ಗೆಳತಿಯರು ಬಂದಿದ್ದರು. ಕೆಳಗೆ ಒಂದು ಟಿಪ್ಪಣಿ ಇತ್ತು. ಮಳೆಗಾಲದಲ್ಲಿ ಹೊಳೆಗೆ ಹೊಸ ನೀರು ಬಂದಾಗ ತಾಯಂದಿರು ಹಸುಗೂಸನ್ನು ಮನೆಯಲ್ಲಿ ಬಿಟ್ಟು ಗಂಗೆಪೂಜೆಗೆ ಹೋಗುತ್ತಿದ್ದ ಪ್ರಾಚೀನ ಪದ್ಧತಿಯೊಂದರ ಕುರುಹು ಈ ಹಾಡಿನಲ್ಲಿದೆ ಎಂದು ಮೇಷ್ಟ್ರು ವಿವರಿಸಿದ್ದರು. ಇಲ್ಲದ ಹೊಳೆಯನ್ನು ತಾವೇ ಹರಿಸಿ, ಅದರ ದಂಡೆಯಲ್ಲಿ ಇಲ್ಲದ ಪೂಜೆಯನ್ನೂ ಮಾಡಿಸಿದ್ದರು.

ಪುಸ್ತಕವನ್ನು ಮನೆಗೆ ಒಯ್ದು ಓದಿ ಹೇಳಿದೆ.

"ರಾಜಾಜಿನಗರದಾಗ ಹೊಳಿ ಎಲ್ಲೈತೋ?" ಎಂದಳು ಚಿಗವ್ವ.

ಮಜ್ಜಿಗೆಗೆಂದು ಬಂದಿದ್ದ ಪಕ್ಕದ ಮನೆಯಾಕೆ ಉತ್ತರ ಕೊಟ್ಟಳು. "ಯಾಕೆ, ಕೆಂಗೇರಿ ಕಡೆ ಹೋಯ್ತದಲ್ಲ ವೃಷಭಾವತಿ, ನೊರೆ ನೊರೆಯಾಗಿ. ಅದ್ರಾಗೆ ಮುಳುಗ್ಸಿದ್ರೆ ಕೊಡದ ತಳಾನೂ ಉಳಿಯಾಕಿಲ್ಲ. ಆ ಮೇಷ್ಟ್ರು ಮಗೀಗೆ ಅದನ್ನೇ ಕುಡಿಸ್ಲಿ."

ಚಿಗವ್ವ ನಗಲಿಲ್ಲ. ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಅವಳತ್ತ ನೋಡಿ ಹೇಳಿದಳು: "ಈಕಿ ತಿಳಿವಳಿಕಿ ಬಂದಮ್ಯಾಲೆ ಹೇಳಬೇಕಂತಿದ್ದೆ, ಇದು ನಿನಗ ಕಟ್ಟಿದ್ದು ಅಂತ. ಅಕ್ಷರ ಕಲತು ಈ ಪುಸ್ತಕ ಓದಿದ್ರ ನನ್ನ ಮಾತು ನಂಬತಾಳೇನು?"

ಅವಳಿಗೆ ಬೇಕಾದದ್ದು ಇಷ್ಟೇ. ಪುಸ್ತಕದಲ್ಲಿ ಹೆಸರು ಬೇಕೆಂದು ಅವಳು ಆಗಲೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಮಗಳಿಗೆ ತಾನು ಹೇಳುವ ಮಾತು ಸುಳ್ಳಾಗಬಾರದು.

ಪುಸ್ತಕ ಸುಮ್ಮನೆ ಕಪಾಟು ಸೇರಿದ್ದರೆ ಚಿಂತೆಯಿರಲಿಲ್ಲ. ಹಾಡಿನ ಗುಣವೇ ಅದಕ್ಕೆ ಕೆಡುಕಾಯಿತು: ಒಮ್ಮೆ ಕೇಳಿದರೆ ಅಂಟುತ್ತಿತ್ತು. ರಾಜ್ಯೋತ್ಸವದ ಪೆಂಡಾಲುಗಳಲ್ಲಿ ಹಾಡುವ ತಂಡವೊಂದು ಅದನ್ನು ಎತ್ತಿಕೊಂಡಿತು. ಕೊಳಲು ಬಂತು, ತಬಲಾ ಬಂತು. ಆಮೇಲೆ ಅದನ್ನು ಗುನುಗದ ಮನೆಯಿರಲಿಲ್ಲ. ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ನಲ್ಲಿಯ ಸಾಲಿನಲ್ಲಿ ನಿಂತೇ ಹೊಳೆಗೆ ನೀರು ಬಂತೆಂದು ಹಾಡುತ್ತಿದ್ದರು.

ಬಸವೇಶ್ವರನಗರದ ಮಹಿಳಾ ಮಂಡಳಿಯೊಂದು ಜನಪದ ಗೀತೆಗಳ ಸ್ಪರ್ಧೆ ಏರ್ಪಡಿಸಿತು. ಚಿಗವ್ವ ಹೆಸರು ಕೊಟ್ಟಳು. "ಒಂದ್ಸಲ ಮಂದಿ ಮುಂದ ಸರಿಯಾಗಿ ಹಾಡಿಬಿಟ್ರ ಮುಗೀತು," ಎಂದಳು. ಮಗಳಿಗೆ ಹೊಸ ಲಂಗ ತೊಡಿಸಿ ಕರೆದೊಯ್ದಳು. ನಾನೂ ಹೋದೆ.

ಅವಳು ಹಾಡಿದಳು, ನಲ್ಲಿಯೊಂದಿಗೆ, ಪಾಳಿಯೊಂದಿಗೆ. ಮೊದಲ ಸಾಲಿಗೇ ಸಭೆಯಲ್ಲಿ ಕಿಸಕ್ಕೆಂದರು. ತೀರ್ಪುಗಾರ್ತಿ ಸಂಗೀತ ಕಲಿಸುವ ಹಿರಿಯರು. ಅವರ ಮುಂದೆ ಮೇಜಿನ ಮೇಲೆ ಅದೇ ಪುಸ್ತಕ ತೆರೆದಿತ್ತು. ಮುಗಿದ ಮೇಲೆ ಮೈಕಿನಲ್ಲೇ ಹೇಳಿದರು.

"ಶಾರೀರ ಬಹಳ ಚೆನ್ನಾಗಿದೆಯಮ್ಮ. ಆದರೆ ಸಾಹಿತ್ಯ ತಪ್ಪಾಯ್ತು. ನಲ್ಲಿ ಅಲ್ಲ, ಹೊಳೆ. ಹಿಂದಿನ ಕಾಲದಲ್ಲಿ ನಲ್ಲಿ ಎಲ್ಲಿತ್ತು, ಹೇಳಿ?"

"ಹಿಂದಿನ ಕಾಲದ್ದಲ್ರಿ ಇದು. ನಾನ ಕಟ್ಟಿದ್ದು."

ಈ ಸಲ ಸಭೆ ಬಾಯಿಬಿಟ್ಟೇ ನಕ್ಕಿತು. ತೀರ್ಪುಗಾರ್ತಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ನಗಬೇಡಿ. ಪಾಪ, ಅಭ್ಯಾಸ ಮಾಡ್ಕೊಂಡು ಬಂದಿದ್ದಾರೆ. ಮುಂದಿನ ವರ್ಷ ಸರಿಯಾಗಿ ಕಲಿತು ಬನ್ನಿ ಅಮ್ಮ."

ಹಾಡು ಕಟ್ಟಿದವಳು ತನ್ನ ಹಾಡನ್ನೇ ಸರಿಯಾಗಿ ಕಲಿತಿಲ್ಲವೆಂದು ಸ್ಪರ್ಧೆಯಿಂದ ಹೊರಬಿದ್ದಳು. ಆ ತೀರ್ಪುಗಾರ್ತಿ ಕೆಟ್ಟವರಲ್ಲ. ಅವರು ಮಾತಾಡಿದ ರೀತಿಯಲ್ಲಿ ಅಕ್ಕರೆಯೇ ಇತ್ತು. ಅದನ್ನು ನೆನೆದರೆ ನನಗೆ ಇನ್ನೂ ಹೆಚ್ಚು ಮೈ ಉರಿಯುತ್ತದೆ. ಭಾಗವಹಿಸಿದ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಸೋಪಿನ ಡಬ್ಬಿ ಕೊಟ್ಟರು. ಮಗಳು ಅದನ್ನು ದಾರಿಯುದ್ದಕ್ಕೂ ತೆರೆಯುತ್ತ ಮುಚ್ಚುತ್ತ ಬಂದಳು.

ಅದೇ ವಾರ ನಾನು ಮೇಷ್ಟ್ರ ಮನೆಗೆ ಹೋದೆ. ವಿಜಯನಗರದ ಹೊಸ ಬಡಾವಣೆಯಲ್ಲಿತ್ತು. ಕಾಫಿ ಕೊಟ್ಟರು. ನನ್ನ ಪ್ರಶ್ನೆಗಳಿಗೆ ಸ್ವಲ್ಪವೂ ಬೇಸರಿಸದೆ ಉತ್ತರಿಸಿದರು.

"ನಲ್ಲಿ ಅನ್ನೋದು ಇತ್ತೀಚಿನ ಸೇರ್ಪಡೆ ಕಣ್ರೀ. ಪಾಠ ಕೆಟ್ಟಿತ್ತು, ತಿದ್ದಿದೆ. ಮೂಲದಲ್ಲಿ ಹೊಳೆ ಇದ್ದಿರಲೇಬೇಕು."

"ಮೂಲ ಎಲ್ಲಿದೆ ಸಾರ್?"

"ಮೂಲ ಸಿಗಲ್ಲ. ಊಹಿಸ್ಕೋಬೇಕು."

"ಮೂಲ ನಿಮ್ಮೆದುರಿಗೇ ಚಾಪೆ ಮೇಲೆ ಕೂತು ಹಾಡಿದ್ಲಲ್ಲ ಸಾರ್. ತಾನೇ ಕಟ್ಟಿದ್ದು ಅಂತಾನೂ ಹೇಳಿದ್ಲು."

"ಆಕೆ ಹಾಗೆ ನಂಬಿದ್ದಾರೆ. ತಪ್ಪಲ್ಲ ಅದು. ಜನಪದದಲ್ಲಿ ಕರ್ತೃ ಅಂತ ಯಾರೂ ಇರೋದಿಲ್ಲ."

ಆ ದಿನದ ಟೇಪು ಕೇಳಿಸಬಹುದೇ ಎಂದೆ. ಅದರಲ್ಲಿ ಹಾಡಿನ ಜೊತೆ ಅವರ ಪ್ರಶ್ನೆ, ಅವಳ ಉತ್ತರ, ಹೆಂಗಸರ ನಗು ಎಲ್ಲವೂ ಇದ್ದವು.

"ಟೇಪು ದುಬಾರಿ ಅಲ್ವೇನ್ರೀ? ಅದರ ಮೇಲೆ ಬೇರೆ ಹಾಡು ಹಿಡಿದಾಯ್ತು. ಬೇಕಾದ್ದನ್ನೆಲ್ಲ ಆಗಲೇ ಬರ್ಕೊಂಡಿದ್ದೆನಲ್ಲ."

ಬರೆದುಕೊಂಡವರು ಬದಲಾಯಿಸಿದರು, ಬದಲಾಯಿಸಿದವರು ಅಳಿಸಿದರು, ಅಳಿಸಿದವರೇ ಪ್ರಮಾಣವಾದರು. ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದೆ.

ಕಚೇರಿಯಲ್ಲಿ ಒಂದು ಪುಟ್ಟ ಬರಹ ತಯಾರಿಸಿ ಮುಖ್ಯ ಉಪಸಂಪಾದಕರ ಮೇಜಿನ ಮೇಲಿಟ್ಟೆ. ವಿಶೇಷಣಗಳಿಲ್ಲದೆ, ಸಂಗತಿ ಮಾತ್ರ ಬರೆದಿದ್ದೆ. ಅವರು ಓದಿ ಕನ್ನಡಕ ತೆಗೆದರು.

"ಏನು ದಾಖಲೆ ಇದೆ?"

"ಬೀದಿಯ ಹೆಂಗಸರೆಲ್ಲ ಸಾಕ್ಷಿ ಇದ್ದಾರೆ ಸಾರ್."

"ಎಲ್ಲಾ ನಿಮ್ಮ ಚಿಗವ್ವನ ಅಕ್ಕಪಕ್ಕದವರು. ನೀವು ಅವರ ಮನೇಲೇ ಊಟ ಮಾಡೋರು. ಬೇರೆ ಯಾರಾದ್ರೂ ಇಂಥದ್ದು ತಂದಿದ್ರೆ ನೀವು ಹಾಕ್ತಿದ್ರಾ?"

ಹಾಕುತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವರ ನಿಯಮ ಸರಿ. ಅದೇ ನಿಯಮವನ್ನು ನಾನು ಮುಂದೆ ಎಷ್ಟೋ ಹುಡುಗರಿಗೆ ಕಲಿಸಿದ್ದೇನೆ. ಆದರೆ ದಾಖಲೆ ಕೇಳುವ ಶಿಸ್ತು ಆ ಮೇಷ್ಟ್ರ ಪುಸ್ತಕಕ್ಕೆ ಯಾಕೆ ಅನ್ವಯಿಸಲಿಲ್ಲ? ಗಂಗೆಪೂಜೆಗೆ ಏನು ದಾಖಲೆಯಿತ್ತು? ನಮ್ಮ ಪತ್ರಿಕೆಯೇ ಆ ಪುಸ್ತಕವನ್ನು ಹೊಗಳಿ ಬರೆದಿತ್ತು. ಅಚ್ಚಾದದ್ದನ್ನು ಅಲುಗಿಸಲು ದಾಖಲೆ ಬೇಕು, ಅಚ್ಚಾಗಲು ಬೇಡ.

ಮಗಳು ಎರಡನೆಯ ತರಗತಿಗೆ ಬಂದ ವರ್ಷ ಅವಳ ಶಾಲೆಯ ವಾರ್ಷಿಕೋತ್ಸವಕ್ಕೆ ಅದೇ ಹಾಡಿನ ನೃತ್ಯ ಇಟ್ಟರು. ಶಾಲೆ ನಮ್ಮ ವಠಾರದ ಹಿಂದೆಯೇ. ವಾರಗಟ್ಟಲೆ ಮೈಕು ಹಾಕಿ ಅಭ್ಯಾಸ. ಹೊಳಿಯಾಗ ನೀರು ಬಂತು, ನಿಲ್ಲಿಸಿ, ಮತ್ತೆ ಮೊದಲಿಂದ, ಹೊಳಿಯಾಗ ನೀರು ಬಂತು. ತಪ್ಪು ಸಾಲು ನನ್ನ ತಲೆಯಲ್ಲಿ ಬೇರು ಬಿಟ್ಟದ್ದು ಆಗಲೇ. ಚಿಗವ್ವ ಅದೇ ಮೈಕಿನ ಸದ್ದಿನ ನಡುವೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು.

ಒಂದು ಸಂಜೆ ಮಗಳು ಬಂದು ಹೇಳಿದಳು: "ಅವ್ವಾ, ನೀನು ಹೇಳೋದು ತಪ್ಪಂತೆ. ನಾನು ನಲ್ಲಿ ಅಂದಿದ್ದಕ್ಕೆ ಮಿಸ್ ಬೈದ್ರು. ಎಲ್ಲರೂ ನಕ್ಕರು."

"ನೀ ಏನಂದಿ?"

"ನಮ್ಮವ್ವ ಹಾಗೆ ಹೇಳ್ಕೊಟ್ಟಿದ್ದು ಅಂದೆ. ನಿಮ್ಮಮ್ಮಂಗೆ ಗೊತ್ತಿಲ್ಲ ಅಂದ್ರು." ಚೀಲ ಕೆಳಗಿಳಿಸಿ, "ನೀಲಿ ಸೀರೆ ತರಬೇಕಂತೆ. ಹೊಳೆ ಮಾಡಕ್ಕೆ."

ಚಿಗವ್ವನ ಹತ್ತಿರ ಒಂದೇ ನೀಲಿ ಸೀರೆ ಇತ್ತು, ತವರಿನವರು ಕೊಟ್ಟದ್ದು. ಕೊಡಬೇಡ ಎಂದೆ. "ಕೂಸಿಗೆ ಮತ್ತ ಬೈತಾರಲ್ಲೋ," ಎಂದು ಪೆಟ್ಟಿಗೆಯಿಂದ ತೆಗೆದು ಕೊಟ್ಟಳು. ವಾರ್ಷಿಕೋತ್ಸವದ ದಿನ ಇಬ್ಬರು ಹುಡುಗಿಯರು ಆ ಸೀರೆಯ ಎರಡು ತುದಿ ಹಿಡಿದು ವೇದಿಕೆಯ ಮೇಲೆ ಅಲೆ ಎಬ್ಬಿಸಿದರು. ಹೊಳೆ ಹರಿಯಿತು. ಯಾರಿಗಾಗಿ ಆ ಹಾಡು ಹುಟ್ಟಿತೋ ಆ ಹುಡುಗಿ ಅದರ ದಂಡೆಯಲ್ಲಿ ರಟ್ಟಿನ ಕೊಡ ಹಿಡಿದು ಕುಣಿದಳು. ಚಪ್ಪಾಳೆ ಬಹಳ ಹೊತ್ತು ಕೇಳಿಸಿತು. ನಾನು ತಟ್ಟಲಿಲ್ಲ. ಚಿಗವ್ವ ತಟ್ಟಿದಳು, ಮಗಳು ನೋಡುತ್ತಿದ್ದಾಳೆಂದು.

ಮುಂದಿನ ಭಾನುವಾರ ಅವಳು ಜಗಲಿಯ ಮೇಲೆ ಕೂತು ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ನಾನು ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದೆ.

"ಅವ್ವಾ, ನಿಜವಾಗ್ಲೂ ಆ ಹಾಡು ನೀನೇ ಕಟ್ಟಿದ್ದಾ?"

"ಹೂಂ. ನಿನಗ."

"ಮತ್ತೆ ಪುಸ್ತಕದಲ್ಲಿ ನಿನ್ನ ಹೆಸರು ಯಾಕಿಲ್ಲ?"

ನಾನು ಪತ್ರಿಕೆಯಿಂದ ತಲೆಯೆತ್ತಿದೆ. ಮೇಷ್ಟ್ರ ಹತ್ತಿರ, ತೀರ್ಪುಗಾರ್ತಿಯ ಹತ್ತಿರ, ನನ್ನ ಮೇಲಿನವರ ಹತ್ತಿರ ಗೆಲ್ಲದ ಮಾತು ಈಗ ಏಳು ವರ್ಷದ ಹುಡುಗಿಯ ಮುಂದೆ ಬಂದು ನಿಂತಿತ್ತು. ಆ ಪುಸ್ತಕ ಅದನ್ನು ಅಲ್ಲಿಯವರೆಗೂ ಅಟ್ಟಿಕೊಂಡು ಬಂದಿತ್ತಲ್ಲ ಎಂದು ನನಗೆ ಸಿಟ್ಟು ಬಂತು.

ಚಿಗವ್ವ ಸಿಕ್ಕು ಬಿಡಿಸುತ್ತ ಅದೇ ಧಾಟಿಯಲ್ಲಿ ಹಾಡತೊಡಗಿದಳು. ಮಾತು ಬೇರೆ. ನಾನು ಎಂದೂ ಕೇಳಿರದ ಪದ್ಯ. ಅದರಲ್ಲಿ ಮಗಳ ಹೆಸರಿತ್ತು, ಮನೆಯವರು ಮಾತ್ರ ಕರೆಯುವ ಅಡ್ಡಹೆಸರೂ ಇತ್ತು, ಅಂಚಿಗೆ ಮಣ್ಣು ಮೆತ್ತಿಕೊಂಡು ಮನೆಗೆ ಮರಳಿದ ನೀಲಿ ಸೀರೆ ಇತ್ತು, ಬಾಚಣಿಗೆಗೆ ಸಿಗದೆ ಓಡುವ ಹೇನು ಸಹ ಇತ್ತು.

ಹುಡುಗಿ ಅರ್ಧ ಬಿಚ್ಚಿದ ಜಡೆಯೊಂದಿಗೆ ಗರಕ್ಕನೆ ತಿರುಗಿದಳು. "ಇದು ಯಾವಾಗಿಂದು?"

"ಈಗಿಂದು."

"ಈಗ ಅಂದ್ರೆ?"

"ಈಗ ಅಂದ್ರ ಈಗ. ನಿನ್ನ ತಲಿ ಬಾಚೂಮುಂದ."

ಹುಡುಗಿ ಅವ್ವನ ಬಾಯನ್ನೇ ನೋಡುತ್ತಿದ್ದಳು. "ಅದನ್ನೂ ಹಿಂಗೇ ಕಟ್ಟಿದ್ದಾ?"

"ಹಿಂಗ. ನೀ ಅಳತಿದ್ದಿ, ನಾ ನಲ್ಲಿ ಮುಂದ ನಿಂತಿದ್ದೆ."

"ನಾಳೆ ಮಿಸ್‌ಗೆ ಹೇಳ್ತೀನಿ," ಎಂದಳು ಹುಡುಗಿ. "ನಾನೇ ನೋಡಿದೀನಿ ಅಂತೀನಿ."

ಅಷ್ಟರಲ್ಲಿ ನಾನು ಜೇಬಿನಿಂದ ಪೆನ್ನು ತೆಗೆದು, ಪತ್ರಿಕೆಯ ಅಂಚಿನಲ್ಲಿ ಆ ಪದ್ಯದ ಮೊದಲ ಮಾತನ್ನು ಬರೆಯತೊಡಗಿದ್ದೆ. ಚಿಗವ್ವ ಬಾಚಣಿಗೆಯಿಂದಲೇ ನನ್ನ ಕೈ ಸರಿಸಿದಳು.

"ಏ, ಬರಕೊಬ್ಯಾಡ."

"ಬರೆದಿಟ್ಟರೆ ಒಂದು ದಾಖಲೆ ಇರ್ತದ ಚಿಗವ್ವ. ನಾಳೆ ಯಾರಾದ್ರೂ ಕೇಳಿದ್ರೆ?"

"ದಾಖಲಿ ಇಲ್ಲೇ ಕುಂತೈತಿ," ಎಂದು ಮಗಳ ತಲೆಯನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ತಿರುಗಿಸಿದಳು. "ನೆಟ್ಟಗ ಕುಂದ್ರಂದ್ರ ಕುಂದ್ರವಲ್ದು."